ಕಂಪ್ಯೂಟರ್ ಆರಿಸಿದರೆ ವಿಮಾನ ಉಳಿಯದು

2025ರ ನವೆಂಬರ್ 21ರಂದು ದುಬೈ ವೈಮಾನಿಕ ಪ್ರದರ್ಶನದಲ್ಲಿ ‘ತೇಜಸ್’ ಯುದ್ಧವಿಮಾನ ನೆಲಕ್ಕಪ್ಪಳಿಸಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಪ್ರಾಣ ಕಳೆದುಕೊಂಡರು. ಆ ದೃಶ್ಯವನ್ನು ಮೊಬೈಲ್ ಫೋನಿನಲ್ಲಿ ನೋಡದವರು ವಿರಳ. ಅದಾದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮದುವೆ ಮನೆಗಳಲ್ಲೂ ಬಸ್ ನಿಲ್ದಾಣಗಳಲ್ಲೂ ನನಗೆ ಎದುರಾದ ಪ್ರಶ್ನೆ ಒಂದೇ: ‘ಮೇಷ್ಟ್ರೇ, ಈಗಿನ ವಿಮಾನಾನೆಲ್ಲ ಕಂಪ್ಯೂಟರೇ ಹಾರಿಸುತ್ತಂತಲ್ಲ. ಅದು ಕೈಕೊಟ್ಟರೆ ಆಫ್ ಮಾಡಿ ಪೈಲಟ್ಟೇ ಹಾರಿಸೋಕಾಗಲ್ವೆ?’ ಭೌತವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಇಂಥ ಪ್ರಶ್ನೆಗಳು ತಪ್ಪಿದ್ದಲ್ಲ.

ದುಬೈ ಅಪಘಾತದ ಕಾರಣವನ್ನು ಹೇಳಬೇಕಾದದ್ದು ವಾಯುಪಡೆಯ ವಿಚಾರಣಾ ಸಮಿತಿ. ಆ ಬಗ್ಗೆ ಊಹೆಗಳನ್ನು ಹರಿಯಬಿಡುವುದು ಮೃತ ಅಧಿಕಾರಿಗೂ ವಿಮಾನ ಕಟ್ಟಿದವರಿಗೂ ಮಾಡುವ ಅನ್ಯಾಯ. ಆದರೆ ಆ ಪ್ರಶ್ನೆಯೊಳಗೆ ಅಡಗಿರುವ ಒಂದು ನಂಬಿಕೆಯನ್ನು ಮಾತ್ರ ಪರೀಕ್ಷಿಸಲೇಬೇಕು. ಎಂಥ ಯಂತ್ರವೇ ಆಗಲಿ, ಅದರಲ್ಲಿ ಎಲ್ಲೋ ಒಂದು ಗುಂಡಿ ಇರುತ್ತದೆ, ಒತ್ತಿದೊಡನೆ ಮನುಷ್ಯನಿಗೆ ಪೂರ್ಣಾಧಿಕಾರ ಮರಳುತ್ತದೆ ಎಂಬುದೇ ಆ ನಂಬಿಕೆ. ತೇಜಸ್‌ನಲ್ಲಿ ಅಂಥ ಗುಂಡಿ ಇಲ್ಲ. ಇರಲೂಬಾರದು ಎಂಬುದು ನನ್ನ ಅಭಿಪ್ರಾಯ. ಇಲ್ಲದ ಆ ಗುಂಡಿಯ ಬದಲಿಗೆ ನಮ್ಮ ವ್ಯವಸ್ಥೆಯಲ್ಲಿ ಇರಲೇಬೇಕಾದ ಇನ್ನೊಂದು ಸಂಗತಿ ಕಾಣುತ್ತಿಲ್ಲ ಎಂಬುದು ನನ್ನ ಆಕ್ಷೇಪ.

ಮಳೆ ಕಡಿಮೆಯ ಈ ನಾಲ್ಕು ತಾಲ್ಲೂಕುಗಳಿಗೂ ಯುದ್ಧವಿಮಾನಗಳಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ದಕ್ಷಿಣಕ್ಕೆ ಯಲಹಂಕದ ವಾಯುನೆಲೆ ಮತ್ತು ಬೆಂಗಳೂರಿನ ಎಚ್‌ಎಎಲ್, ಉತ್ತರಕ್ಕೆ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯ. ನಡುವೆ ಇರುವವರು ನಾವು. ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಪಾವಗಡದಿಂದ ಗಡಿ ದಾಟಿ ಪೆನುಕೊಂಡೆಯ ಕಡೆ ಹೊರಟರೆ ರೊದ್ದಂ ಸಿಗುತ್ತದೆ. ಆ ಊರನ್ನು ಹೆಸರಿನಲ್ಲೇ ಹೊತ್ತಿದ್ದ ರೊದ್ದಂ ನರಸಿಂಹ ಅವರು 1984ರಿಂದ 1993ರವರೆಗೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ ಅವರು. ತೇಜಸ್‌ನ ಹಾರಾಟ ನಿಯಂತ್ರಣ ಸೂತ್ರಗಳನ್ನು ರೂಪಿಸಿದ ರಾಷ್ಟ್ರೀಯ ತಂಡ 1992ರಲ್ಲಿ ನೆಲೆ ಕಂಡದ್ದು ಆ ಪ್ರಯೋಗಾಲಯದಲ್ಲೇ.

ಬೆಂಗಳೂರು ಹಿಂದೆ ಕಟ್ಟಿದ ಇನ್ನೊಂದು ಯುದ್ಧವಿಮಾನವನ್ನು ಇಲ್ಲಿ ನೆನೆಯಬೇಕು. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟಾಂಕ್ ಅವರ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿದ ‘ಮರುತ್’ 1961ರ ಜೂನ್ 17ರಂದು ಮೊದಲು ಹಾರಿತು. ಅದರ ನಿಯಂತ್ರಣ ಫಲಕಗಳನ್ನು ತಿರುಗಿಸಲು ತೈಲದ ಒತ್ತಡದ ನೆರವಿತ್ತು. ಆ ಒತ್ತಡ ಕೈಕೊಟ್ಟರೆ ವ್ಯವಸ್ಥೆ ತಾನಾಗಿಯೇ ಕೈಹಾರಾಟಕ್ಕೆ ಬದಲಾಗುತ್ತಿತ್ತು. ಪೈಲಟ್ ತನ್ನ ತೋಳ್ಬಲದಿಂದಲೇ ಕೋಲನ್ನು ಎಳೆದು, ತಳ್ಳಿ ವಿಮಾನವನ್ನು ಮನೆಗೆ ತರಬಹುದಾಗಿತ್ತು. ಹೀಗೆ ತಂದ ಪ್ರಸಂಗಗಳು ಒಂದೆರಡಲ್ಲ. 1971ರ ಯುದ್ಧದಲ್ಲಿ ನೆಲದ ಗುಂಡೇಟಿಗೆ ಒಂದು ಎಂಜಿನ್ ಕಳೆದುಕೊಂಡೂ ಮರಳಿ ಬಂದ ಮರುತ್‌ಗಳಿದ್ದವು. ಅದರ ಮೊದಲ ಹಾರಾಟ ನಡೆಸಿದ ಸುರಂಜನ್ ದಾಸ್ ಅವರು 1970ರ ಜನವರಿಯಲ್ಲಿ ಅದರದೇ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗ ಬೆಂಗಳೂರಿನಲ್ಲಿ ಮಡಿದರು. ಅವರ ಹೆಸರಿನ ರಸ್ತೆಯಲ್ಲಿ ನಿತ್ಯ ಓಡಾಡುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ.

ಮರುತ್‌ಗೆ ಸಾಧ್ಯವಿದ್ದದ್ದು ತೇಜಸ್‌ಗೆ ಏಕೆ ಸಾಧ್ಯವಿಲ್ಲ? ನಾನು ಹಳ್ಳಿಯ ಹುಡುಗರಿಗೆ ಎತ್ತಿನ ಗಾಡಿಯ ಉದಾಹರಣೆ ಕೊಡುತ್ತೇನೆ. ಗಾಡಿಗೆ ಹುಲ್ಲೋ ಮೂಟೆಯೋ ಹೇರುವ ರೈತ ಭಾರ ತುಸು ಮುಂದಕ್ಕೆ, ಮೂಕಿಯ ಕಡೆಗೆ ಬೀಳುವಂತೆ ನೋಡಿಕೊಳ್ಳುತ್ತಾನೆ. ಹಾಗಿದ್ದರೆ ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಗಾಡಿಯವನು ತೂಕಡಿಸಿದರೂ ಎತ್ತುಗಳು ದಾರಿ ಬಿಡುವುದಿಲ್ಲ. ಹಳೆಯ ವಿಮಾನಗಳೂ ಹೀಗೆಯೇ: ಮೂಗು ತುಸು ಭಾರ. ಗಾಳಿಯ ಹೊಡೆತಕ್ಕೆ ತಲೆಯೆತ್ತಿದರೂ ತಾವಾಗಿಯೇ ಸಮಸ್ಥಿತಿಗೆ ಮರಳುವ ಗುಣ ಅವಕ್ಕಿದೆ. ಆದರೆ ಆ ಗುಣವೇ ಯುದ್ಧದಲ್ಲಿ ಶತ್ರು. ತಿರುಗಬೇಕಾದಾಗ ವಿಮಾನ ತಿರುಗಲು ಒಲ್ಲೆನ್ನುತ್ತದೆ. ಬಾಲದ ಫಲಕ ಸದಾ ಕೆಳಕ್ಕೆ ಒತ್ತುತ್ತಿರಬೇಕಾಗಿ ಶಕ್ತಿ ಪೋಲಾಗುತ್ತದೆ. ಆದ್ದರಿಂದ ಆಧುನಿಕ ವಿನ್ಯಾಸಕಾರರು ಬೇಕೆಂದೇ ಭಾರವನ್ನು ಹಿಂದಕ್ಕೆ ಸರಿಸಿದರು. ಹಿಂದೆ ಭಾರ ಹೆಚ್ಚಾದ ಗಾಡಿಯ ನೊಗ ಮೇಲೇಳುವಂತೆ ಇಂಥ ವಿಮಾನದ ಮೂಗು ಒಮ್ಮೆ ಎದ್ದರೆ ಏಳುತ್ತಲೇ ಹೋಗುತ್ತದೆ.

ಅದನ್ನು ತಡೆಯುವವರು ಯಾರು? ಪೈಲಟ್ ಅಲ್ಲ. ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ ಕೈ ಚಲಿಸುವಷ್ಟರಲ್ಲಿ ವಿಮಾನ ಕೈಮೀರಿರುತ್ತದೆ. ಅಂಗೈ ಮೇಲೆ ಉದ್ದ ಕೋಲನ್ನು ನಿಲ್ಲಿಸಿಕೊಂಡು ಓಡುವ ಆಟ ಎಲ್ಲರೂ ಆಡಿದ್ದೇವೆ. ಕೋಲಿನ ಬದಲು ಪೆನ್ಸಿಲ್ ನಿಲ್ಲಿಸಲು ಹೋದರೆ ಒಂದು ಕ್ಷಣವೂ ನಿಲ್ಲದು. ನಮ್ಮ ಕೈ ನಿಧಾನವೆಂದಲ್ಲ. ಪೆನ್ಸಿಲ್ ನಮಗಿಂತ ಬೇಗ ಬೀಳುತ್ತದೆ, ಅಷ್ಟೆ. ತೇಜಸ್‌ನೊಳಗಿನ ಕಂಪ್ಯೂಟರ್ ಸೆಕೆಂಡಿಗೆ ಹಲವು ಹತ್ತು ಬಾರಿ ವಿಮಾನದ ಸ್ಥಿತಿಯನ್ನು ಅಳೆದು ರೆಕ್ಕೆಯ ಅಂಚಿನ ಫಲಕಗಳನ್ನು ಸರಿಸುತ್ತ ಆ ಪೆನ್ಸಿಲನ್ನು ನಿಲ್ಲಿಸಿಕೊಂಡಿರುತ್ತದೆ. ಪೈಲಟ್ ಕೋಲನ್ನು ಹಿಂದಕ್ಕೆಳೆದಾಗ ಯಾವ ಹಗ್ಗವೂ ಯಾವ ಸರಳೂ ಚಲಿಸುವುದಿಲ್ಲ. ‘ಇಷ್ಟು ಮೇಲೇರಬೇಕು’ ಎಂಬ ಅವನ ಇಚ್ಛೆ ವಿದ್ಯುತ್ ಸಂಕೇತವಾಗಿ ಹೋಗುತ್ತದೆ. ಹೇಗೆ ಏರಬೇಕೆಂಬುದು ಕಂಪ್ಯೂಟರಿಗೆ ಬಿಟ್ಟದ್ದು. ಇಂಥ ವಿಮಾನದಲ್ಲಿ ಕಂಪ್ಯೂಟರನ್ನು ಆರಿಸುವ ಗುಂಡಿ ಇಟ್ಟರೆ ಅದನ್ನು ಒತ್ತಿದ ಪೈಲಟ್‌ಗೆ ಉಳಿಯುವ ದಾರಿ ಆಸನಸಮೇತ ಹೊರಕ್ಕೆ ಚಿಮ್ಮುವುದೊಂದೇ.

ಹಾಗೆಂದು ಮನುಷ್ಯನ ಕೈಗೆ ಏನನ್ನೂ ಬಿಟ್ಟಿಲ್ಲ ಎಂದಲ್ಲ. ಅಮೆರಿಕದ ಎಫ್-16ರಲ್ಲಿ ಒಂದು ವಿಶೇಷ ಗುಂಡಿ ಇದೆ. ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ವಿಮಾನ ಚಪ್ಪಟೆಯಾಗಿ ಕೆಳಗೆ ಬೀಳತೊಡಗಿದಾಗ, ಅದನ್ನು ಒತ್ತಿ ಹಿಡಿದು ಕೋಲನ್ನು ಹಿಂದೆ ಮುಂದೆ ತೂಗಬೇಕು. ಕೆಸರಿನಲ್ಲಿ ಹೂತ ಲಾರಿಯನ್ನು ತೂಗಿ ತೂಗಿ ಹೊರತೆಗೆಯುವ ಹಾಗೆ. ಆಗ ಕಂಪ್ಯೂಟರ್ ತಾನು ವಿಧಿಸಿದ್ದ ಮಿತಿಯನ್ನು ಸಡಿಲಿಸಿ ಬಾಲದ ಫಲಕದ ಪೂರ್ಣ ಚಲನೆಯನ್ನು ಪೈಲಟ್‌ಗೆ ಕೊಡುತ್ತದೆ. ಗಮನಿಸಿ, ಅಲ್ಲಿಯೂ ಕಂಪ್ಯೂಟರ್ ಆರುವುದಿಲ್ಲ. ನಮ್ಮ ವಾಯುಪಡೆಯಲ್ಲಿರುವ ಮಿಗ್-29ರ ಕೋಲು ಒಂದು ಹಂತ ಮುಟ್ಟಿದಾಗ ತಡೆದು ನಿಲ್ಲಿಸುತ್ತದೆ. ಅಗತ್ಯವಿದ್ದರೆ ಇನ್ನಷ್ಟು ಬಲ ಹಾಕಿ ಪೈಲಟ್ ಆ ತಡೆಯನ್ನು ಮೀರಬಹುದು. ಇದು ನನಗೆ ಬಹಳ ಮೆಚ್ಚುಗೆಯಾದ ಏರ್ಪಾಡು. ಎಚ್ಚರಿಸುತ್ತದೆ, ನಿಷೇಧಿಸುವುದಿಲ್ಲ; ಮನೆಯ ಹಿರಿಯರು ತೋಳು ಹಿಡಿದು ನಿಲ್ಲಿಸಿದಂತೆ. ಇನ್ನು 2014ರಿಂದ ಎಫ್-16ಗಳಿಗೆ ಅಳವಡಿಸಲಾದ ವ್ಯವಸ್ಥೆಯೊಂದು ಇದರ ತದ್ವಿರುದ್ಧ. ತೀವ್ರ ತಿರುವಿನಲ್ಲಿ ರಕ್ತ ತಲೆಯಿಂದಿಳಿದು ಪೈಲಟ್ ಪ್ರಜ್ಞೆ ತಪ್ಪಿ, ವಿಮಾನ ನೆಲದತ್ತ ಧಾವಿಸತೊಡಗಿದರೆ ಕಂಪ್ಯೂಟರೇ ಅದನ್ನು ಮೇಲಕ್ಕೆತ್ತುತ್ತದೆ. ಅದರಿಂದ ಬದುಕಿ ಉಳಿದ ಪೈಲಟ್‌ಗಳಿದ್ದಾರೆ. ಇಲ್ಲಿ ಮೀರಿ ನಡೆದದ್ದು ಯಂತ್ರ, ಉಳಿದದ್ದು ಮನುಷ್ಯ.

ಕಂಪ್ಯೂಟರ್ ಮತ್ತು ಮನುಷ್ಯ ಇಬ್ಬರೂ ಸರಿಯಾಗಿದ್ದೇ ವಿಮಾನ ಬಿದ್ದದ್ದೂ ಉಂಟು. ಸ್ವೀಡನ್ನಿನ ಗ್ರಿಪೆನ್ 1989ರಲ್ಲಿ ಪರೀಕ್ಷಾ ಹಾರಾಟದ ಇಳಿಯುವಿಕೆಯ ವೇಳೆ, ಮತ್ತೆ 1993ರ ಆಗಸ್ಟಿನಲ್ಲಿ ಸ್ಟಾಕ್‌ಹೋಮ್ ನಗರದ ಉತ್ಸವದಲ್ಲಿ ಅಪಾರ ಜನಸ್ತೋಮದ ಎದುರೇ ಬಿತ್ತು. ಎರಡೂ ಸಲ ಪೈಲಟ್ ಒಬ್ಬರೇ. ಎರಡೂ ಸಲ ಬದುಕುಳಿದರು. ಪೈಲಟ್ ಕೋಲನ್ನು ಚುರುಕಾಗಿ ಆಡಿಸಿದಷ್ಟು ವೇಗದಲ್ಲಿ ಫಲಕಗಳು ಚಲಿಸಲಾರದೆ ಹಿಂದೆ ಬಿದ್ದವು. ಅವನು ಎಡಕ್ಕೆಂದಾಗ ವಿಮಾನ ಇನ್ನೂ ಹಿಂದಿನ ಬಲದ ಆಜ್ಞೆಯನ್ನು ಪಾಲಿಸುತ್ತಿತ್ತು. ತೂಗುಯ್ಯಾಲೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ತಳ್ಳಿದಂತಾಯಿತು. ಅಮೆರಿಕದ ವೈಎಫ್-22 ಕೂಡ 1992ರಲ್ಲಿ ಬಹುತೇಕ ಹೀಗೆಯೇ ಓಡುದಾರಿಗೆ ಉಜ್ಜಿಕೊಂಡಿತು. ತೇಜಸ್ ಹಾರುವ ಮೊದಲೇ ನಡೆದ ಈ ಘಟನೆಗಳು ಬೆಂಗಳೂರಿನ ವಿನ್ಯಾಸಕಾರರಿಗೆ ಪಾಠವಾದವು. 1995ರ ನವೆಂಬರ್ 17ರಂದು ಕಾರ್ಖಾನೆಯಿಂದ ಹೊರಬಂದ ವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು. ನಡುವಿನ ಐದು ವರ್ಷಗಳನ್ನು ಪತ್ರಿಕೆಗಳು ಸೋಮಾರಿತನವೆಂದು ಹಂಗಿಸಿದವು. ಆ ಅವಧಿಯ ದೊಡ್ಡ ಭಾಗ ವ್ಯಯವಾದದ್ದು ಈ ನಿಯಂತ್ರಣ ವ್ಯವಸ್ಥೆಯ ಪರೀಕ್ಷೆಯಲ್ಲಿ. 1996ರಲ್ಲಿ ನಮ್ಮ ಸೂತ್ರಗಳನ್ನು ಅಮೆರಿಕದ ವಿಶೇಷ ಎಫ್-16 ವಿಮಾನದಲ್ಲಿ ಅಳವಡಿಸಿ ಹಾರಿಸಿ ನೋಡಲಾಗಿತ್ತು. 1998ರ ಮೇ ತಿಂಗಳ ಪೋಖ್ರಾಣ್ ಪರೀಕ್ಷೆಯ ಬೆನ್ನಿಗೇ ನಿರ್ಬಂಧ ಬಂದು ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮವರು ಬರಿಗೈಯಲ್ಲಿ ಮರಳಬೇಕಾಯಿತು. ಉಳಿದದ್ದನ್ನು ಅವರು ಬೆಂಗಳೂರಿನಲ್ಲೇ ಮುಗಿಸಿದರು. ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಅಂದು ನಡೆಸಿದ 18 ನಿಮಿಷಗಳ ಹಾರಾಟದ ಹಿಂದೆ ಇದ್ದದ್ದು ಈ ತಾಳ್ಮೆ.

ತೇಜಸ್‌ನ ಕಂಪ್ಯೂಟರಿನಲ್ಲಿ ನಾಲ್ಕು ಸಮಾನಾಂತರ ದಾರಿಗಳಿವೆ. ನಾಲ್ಕೂ ಒಂದೇ ಲೆಕ್ಕ ಮಾಡುತ್ತವೆ. ಒಂದರ ಉತ್ತರ ಬೇರೆಯಾದರೆ ಉಳಿದವು ಸೇರಿ ಅದನ್ನು ಹೊರಗಿಡುತ್ತವೆ. ಪಂಚಾಯಿತಿ ಕಟ್ಟೆಯ ನ್ಯಾಯ ಎನ್ನಬಹುದು. ತಂತಿ ತುಂಡಾದರೆ, ಬಿಡಿಭಾಗ ಸುಟ್ಟರೆ ಈ ಏರ್ಪಾಡು ಕಾಯುತ್ತದೆ. ಆದರೆ ನಾಲ್ವರು ಪಂಚರೂ ಒಂದೇ ಗುರುವಿನ ಬಳಿ ಒಂದೇ ತಪ್ಪು ಪಾಠ ಕಲಿತಿದ್ದರೆ? ನಾಲ್ವರೂ ಒಮ್ಮತದಿಂದ ತಪ್ಪು ತೀರ್ಪು ಕೊಡುತ್ತಾರೆ. ತಂತ್ರಾಂಶದ ದೋಷದ ಸ್ವಭಾವ ಇದೇ. ಇದಕ್ಕೆ ವಿಮಾನದೊಳಗೆ ಔಷಧಿಯಿಲ್ಲ. ಹೊರಗಿನಿಂದ, ವಿನ್ಯಾಸ ಮಾಡದವರ ಕಣ್ಣಿನಿಂದ ನಡೆಯುವ ತಪಾಸಣೆಯೇ ಬೇಕು.

ಗಂಡಾಂತರದಲ್ಲಿ ಬಳಸಬೇಕಾದ ಗುಂಡಿ ಹೆಸರಿಗಷ್ಟೇ ಇದ್ದರೆ ಏನಾಗುತ್ತದೆ ಎಂಬುದನ್ನು ನಾಗರಿಕ ವಿಮಾನಯಾನ ತೋರಿಸಿಕೊಟ್ಟಿದೆ. 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚಿನಲ್ಲಿ ಇಥಿಯೋಪಿಯಾದಲ್ಲಿ ಬಿದ್ದ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಲ್ಲಿ 346 ಮಂದಿ ಸತ್ತರು. ಒಂದು ಸಂವೇದಕದ ತಪ್ಪು ಮಾಹಿತಿಯನ್ನು ನಂಬಿದ ತಂತ್ರಾಂಶ ಮೂಗನ್ನು ಮತ್ತೆ ಮತ್ತೆ ಕೆಳಕ್ಕೊತ್ತಿತು. ಅಂಥ ತಂತ್ರಾಂಶ ಇದೆಯೆಂಬ ಸಂಗತಿಯೇ ಮೊದಲ ಅಪಘಾತದ ಹೊತ್ತಿಗೆ ಪೈಲಟ್‌ಗಳ ಕೈಪಿಡಿಯಲ್ಲಿ ಇರಲಿಲ್ಲ. ಇಥಿಯೋಪಿಯಾದ ಪೈಲಟ್‌ಗಳು ಅದನ್ನು ಕಡಿತಗೊಳಿಸುವ ಗುಂಡಿಯನ್ನು ಬಳಸಿದರು. ಆದರೆ ಆ ವೇಗದಲ್ಲಿ ಗಾಳಿಯ ಒತ್ತಡ ಎಷ್ಟಿತ್ತೆಂದರೆ ಚಕ್ರವನ್ನು ಕೈಯಿಂದ ತಿರುಗಿಸುವುದು ಸಾಧ್ಯವಾಗಲಿಲ್ಲ. ಕೈಹಾರಾಟದ ಅವಕಾಶ ಕಾಗದದಲ್ಲಿತ್ತು, ಆಕಾಶದಲ್ಲಿರಲಿಲ್ಲ.

ಬೆಂಗಳೂರಿಗರು ಇದಕ್ಕಿಂತ ಹತ್ತಿರದ ಉದಾಹರಣೆಯನ್ನು ಮರೆತಿರಲಾರರು. 1990ರ ಫೆಬ್ರುವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ಎಚ್‌ಎಎಲ್ ನಿಲ್ದಾಣ ತಲುಪುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲ ಮುಟ್ಟಿ ಹೊತ್ತಿ ಉರಿಯಿತು. 146 ಮಂದಿಯಲ್ಲಿ 92 ಮಂದಿ ಸತ್ತರು. ಯುದ್ಧವಿಮಾನಗಳಿಂದ ನಾಗರಿಕ ವಿಮಾನಕ್ಕೆ ಬಂದ ಕಂಪ್ಯೂಟರ್ ನಿಯಂತ್ರಣ ಆಗ ಹೊಸತು. ಕಂಪ್ಯೂಟರ್ ಅಂದು ಕೆಟ್ಟಿರಲಿಲ್ಲ. ತನಗೆ ಹೇಳಿದ್ದನ್ನು ಮಾಡುತ್ತಿತ್ತು. ಇಳಿಯುವ ಹಾದಿಯಲ್ಲಿ ಅದು ಇದ್ದ ಸ್ಥಿತಿಯಲ್ಲಿ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದವು, ವೇಗ ಕುಸಿಯುತ್ತಿತ್ತು. ಪೈಲಟ್‌ಗಳಿಗೆ ಅದು ಅರಿವಾಗಿ ಎಂಜಿನ್ ಚೇತರಿಸಿಕೊಳ್ಳುವಷ್ಟರಲ್ಲಿ ನೆಲ ಬಂದಿತ್ತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಹೊಣೆ ಪೈಲಟ್‌ಗಳದೋ ವಿನ್ಯಾಸದ್ದೋ ಎಂಬ ಜಗಳ ಆ ವರದಿಯ ನಂತರವೂ ನಿಲ್ಲಲಿಲ್ಲ. ಆದರೆ ಜಗಳವಾಡಲು ಒಂದು ವರದಿ ಇತ್ತು. ವಾದಿಸಿದವರ ಹೆಸರುಗಳಿದ್ದವು, ನಿಮಿಷ ನಿಮಿಷದ ವಿವರಗಳಿದ್ದವು.

ನನ್ನ ಆಕ್ಷೇಪ ಇರುವುದು ಇಲ್ಲಿ. ಯುದ್ಧವಿಮಾನ ಬಿದ್ದಾಗ ನಮಗೆ ಸಿಗುವುದು ‘ವಿಚಾರಣಾ ಸಮಿತಿ ರಚಿಸಲಾಗಿದೆ’ ಎಂಬ ಒಂದು ಸಾಲು. ಅನಂತರ ಮೌನ. 2024ರ ಮಾರ್ಚ್ 12ರಂದು ಜೈಸಲ್ಮೇರ್ ಬಳಿ ತೇಜಸ್ ಮೊದಲ ಬಾರಿಗೆ ಬಿದ್ದಾಗಲೂ ಹೀಗೆಯೇ ಆಯಿತು. ಪೈಲಟ್ ಪಾರಾದರೆಂಬುದೇ ಸಮಾಧಾನ. ರಕ್ಷಣೆಗೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿ 2024ರ ಡಿಸೆಂಬರಿನಲ್ಲಿ ಮಂಡಿಸಿದ ವರದಿಯ ಪ್ರಕಾರ 2017ರಿಂದ 2022ರವರೆಗಿನ ವಾಯುಪಡೆಯ 34 ಅಪಘಾತಗಳಲ್ಲಿ 19ಕ್ಕೆ ಸಿಬ್ಬಂದಿಯ ಮಾನವಲೋಪ ಕಾರಣ. ‘ಮಾನವಲೋಪ’ ಎಂಬ ಪದ ಎಷ್ಟನ್ನು ಹೇಳುತ್ತದೋ ಅದಕ್ಕಿಂತ ಹೆಚ್ಚನ್ನು ಮುಚ್ಚುತ್ತದೆ. ಪೈಲಟ್ ಕಂಪ್ಯೂಟರಿಗೆ ತಪ್ಪು ಆಜ್ಞೆ ಕೊಟ್ಟನೆ? ಕಂಪ್ಯೂಟರ್ ಏನು ಮಾಡುತ್ತಿದೆಯೆಂಬುದು ಅವನಿಗೆ ತಿಳಿಯದಂತಿತ್ತೆ? ಗ್ರಿಪೆನ್ ಪ್ರಸಂಗದಲ್ಲಿ ಪೈಲಟ್ ಕೋಲನ್ನು ಬಿರುಸಾಗಿ ಆಡಿಸಿದ್ದು ನಿಜ. ಅದನ್ನು ಮಾನವಲೋಪವೆಂದು ಬರೆದು ಕಡತ ಮುಚ್ಚಿದ್ದರೆ ತಂತ್ರಾಂಶ ತಿದ್ದುಪಡಿಯಾಗುತ್ತಲೇ ಇರಲಿಲ್ಲ.

ದೇಶದ ಭದ್ರತೆಯ ವಿಷಯದಲ್ಲಿ ಗೋಪ್ಯತೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ನಿಯಂತ್ರಣ ಸೂತ್ರಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿ ಎಂದು ಯಾರೂ ಕೇಳುತ್ತಿಲ್ಲ. ಅಮೆರಿಕದ ವಾಯುಪಡೆ ತನ್ನ ದೊಡ್ಡ ಅಪಘಾತಗಳ ತನಿಖಾ ವರದಿಗಳನ್ನು, ರಹಸ್ಯ ಭಾಗಗಳನ್ನು ತೆಗೆದು, ಸಾರ್ವಜನಿಕರ ಮುಂದಿಡುತ್ತದೆ. ಅದರಿಂದ ಅದರ ವಿಮಾನಗಳ ಶಕ್ತಿಯೇನೂ ಕುಂದಿಲ್ಲ. 2024ರ ಫೆಬ್ರುವರಿಯಲ್ಲಿ ತೇಜಸ್ ಮಾರ್ಕ್-1ಎಗಾಗಿ ಬೆಂಗಳೂರಿನಲ್ಲೇ ತಯಾರಾದ ಹಾರಾಟ ನಿಯಂತ್ರಣ ಕಂಪ್ಯೂಟರನ್ನು ಯಶಸ್ವಿಯಾಗಿ ಹಾರಿಸಿ ನೋಡಲಾಯಿತು. ಹೆಮ್ಮೆಯ ಸಂಗತಿಯೇ. ಯಶಸ್ಸಿನ ಪ್ರಕಟಣೆಗೆ ಅಡ್ಡಬಾರದ ಗೋಪ್ಯತೆ ವೈಫಲ್ಯದ ಪ್ರಕಟಣೆಗೆ ಮಾತ್ರ ಏಕೆ ಅಡ್ಡಬರಬೇಕು? ಆಕಾಶದಲ್ಲಿ ಪೈಲಟ್‌ನಿಂದ ಕಿತ್ತುಕೊಂಡ ಅಂತಿಮ ಅಧಿಕಾರ ನೆಲದ ಮೇಲೆ ಯಾರ ಬಳಿಯಾದರೂ ಇರಬೇಕಲ್ಲವೆ? ವಿನ್ಯಾಸ ಮಾಡಿದವರು, ತಯಾರಿಸಿದವರು, ಹಾರಿಸುವವರು ಈ ಮೂವರನ್ನೂ ಬಿಟ್ಟ ಸ್ವತಂತ್ರ ತನಿಖಾ ಮಂಡಲಿಯೊಂದನ್ನು ರಚಿಸಿ, ಅದರ ವರದಿಯ ಸಾರಾಂಶವನ್ನು ಸಂಸತ್ತಿನಲ್ಲಿ ಮಂಡಿಸುವ ಪದ್ಧತಿ ಬರಬೇಕು.

ಇದು ಪೈಲಟ್‌ಗಳ ವಿಷಯ, ನಮಗೇನು ಎನ್ನುವಂತಿಲ್ಲ. ಶಿರಾದಿಂದ ಹೆದ್ದಾರಿ ಹಿಡಿದು ಹಿರಿಯೂರು ದಾಟಿದರೆ ಚಳ್ಳಕೆರೆ. ಅಲ್ಲಿನ ಅಮೃತಮಹಲ್ ಕಾವಲುಗಳ ಸುಮಾರು 10 ಸಾವಿರ ಎಕರೆಯನ್ನು ರಕ್ಷಣಾ, ಬಾಹ್ಯಾಕಾಶ, ಪರಮಾಣು ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಲಾಗಿದೆ. ಕುರಿ ದನ ಮೇಯಿಸುತ್ತಿದ್ದವರ ವಿರೋಧದ ಕಥೆಯೇ ಬೇರೆ. 2017ರ ಮೇ ತಿಂಗಳಿಂದ ಅಲ್ಲಿ ಪರೀಕ್ಷಾ ವಲಯ ಇದೆ. 2022ರ ಜುಲೈ 1ರಂದು ಪೈಲಟ್ ಇಲ್ಲದ ಜೆಟ್ ವಿಮಾನವೊಂದು ಅಲ್ಲಿ ತಾನೇ ಮೇಲೇರಿ, ತಾನೇ ಹಾರಿ, ತಾನೇ ಇಳಿಯಿತು. ಅದೇ ವಲಯದಿಂದ ಹಾರಿದ ‘ರುಸ್ತುಂ-2’ 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು. ‘ತಪಸ್’ ಎಂಬ ಹೆಸರು ಪಡೆದ ಅದರ ಸೋದರ 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಊರಿನ ಮೇಲೆ ಬೀಳದಂತೆ ಕೊನೆಯ ಕ್ಷಣದವರೆಗೂ ವಿಮಾನದೊಳಗೇ ಕುಳಿತು ಅದನ್ನು ತಿರುಗಿಸುವ ಮನುಷ್ಯ ಇಂಥವುಗಳಲ್ಲಿ ಇರುವುದಿಲ್ಲ ಎಂಬುದನ್ನು ಮಾತ್ರ ಇಲ್ಲಿನ ಜನ ಗಮನಿಸಿದ್ದಾರೆ.

2020ರ ಮೇ 20ರ ಮಧ್ಯಾಹ್ನ ಬೆಂಗಳೂರು ಒಂದು ಭಾರೀ ಸದ್ದಿಗೆ ಬೆಚ್ಚಿಬಿದ್ದಾಗ, ಅದು ನಗರದ ಹೊರವಲಯದಲ್ಲಿ ನಡೆದ ವಾಯುಪಡೆಯ ಪರೀಕ್ಷಾ ಹಾರಾಟದ್ದೆಂದು ರಕ್ಷಣಾ ಇಲಾಖೆ ಆ ದಿನವೇ ವಿವರ ನೀಡಿತು. ಶಬ್ದದ ವೇಗದಿಂದ ಕೆಳಗಿಳಿಯುವಾಗ ಹುಟ್ಟಿದ ಸದ್ದು, ಸುಮಾರು 36 ರಿಂದ 40 ಸಾವಿರ ಅಡಿ ಎತ್ತರ, ಹೀಗೆ ಅಂಕಿಗಳ ಸಮೇತ. ಭದ್ರತೆಗೆ ಏನೂ ಆಗಲಿಲ್ಲ. ಮಹಾನಗರಕ್ಕೆ ಸಿಕ್ಕ ಆ ಸೌಜನ್ಯ ಹಿರಿಯೂರು, ಶಿರಾ, ಪಾವಗಡಗಳ ಗ್ರಾಮ ಪಂಚಾಯಿತಿಗಳಿಗೂ ಸಿಗಲಿ. ಪರೀಕ್ಷಾ ಹಾರಾಟದ ದಿನಗಳನ್ನು ಕನ್ನಡದಲ್ಲಿ ಪಂಚಾಯಿತಿ ಸೂಚನಾ ಫಲಕಕ್ಕೆ ಹಚ್ಚಲಿ. ಬಿದ್ದ ಯಂತ್ರದ ಅವಶೇಷಗಳನ್ನು ಲಾರಿಗೆ ತುಂಬಿಕೊಂಡು ಹೋದ ಮೇಲೆ, ಬೆಳೆ ಹಾಳಾದ ಹೊಲದ ಒಡೆಯನಿಗೆ ಪರಿಹಾರದ ಚೆಕ್ಕಿನ ಜೊತೆಗೆ, ಅದು ಏಕೆ ಬಿತ್ತು ಎಂದು ತಿಳಿಸುವ ಒಂದು ಪುಟದ ಕನ್ನಡ ಕಾಗದವೂ ತಲುಪಲಿ.